ಕೋಟೆಯಲ್ಲಿ ಜಾರದ ಕಾಲು ಅಂಗಡಿಯಲ್ಲಿ ಜಾರಿತು

ಚಿತ್ರದುರ್ಗದ ಕೋಟೆ ನೋಡಲು ಬಂದವರಲ್ಲಿ ಕೆಲವರಾದರೂ ಜ್ಯೋತಿರಾಜ್ ಅವರನ್ನು ಕಂಡಿರುತ್ತೀರಿ. ಹಗ್ಗವಿಲ್ಲದೆ ಬರಿಗೈಯಲ್ಲಿ ಕಲ್ಲಿನ ಗೋಡೆ ಹತ್ತುವ ಈ ಮನುಷ್ಯನಿಗೆ ಜನ ಪ್ರೀತಿಯಿಂದ ಇಟ್ಟ ಹೆಸರು ಕೋತಿರಾಜ್. ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಬಂದಿದ್ದ ನನ್ನ ಮೊಮ್ಮಗಳನ್ನು ಕೋಟೆಗೆ ಕರೆದುಕೊಂಡು ಹೋಗಿದ್ದೆ. ಓಬವ್ವನ ಕಿಂಡಿ ನೋಡಿದೆವು, ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿದೆವು, ಇಳಿದೆವು. ನನಗಾಗಲೇ ಎಪ್ಪತ್ತು ದಾಟಿತ್ತು. ಕೈಯಲ್ಲಿ ಊರುಗೋಲಿತ್ತು, ಆದರೂ ಒಂದು ಸಲವೂ ಕಾಲು ಜಾರಲಿಲ್ಲ. ಇಳಿಯುವಾಗ ಮೊಮ್ಮಗಳು ಕೇಳಿದಳು: "ತಾತ, ಅಷ್ಟು ಎತ್ತರ ಹತ್ತೋರು ಯಾಕೆ ಬೀಳಲ್ಲ?"

ಅಭ್ಯಾಸ ಕಣಮ್ಮ, ಮತ್ತೆ ಕಲ್ಲು ಒರಟಾಗಿದೆಯಲ್ಲ, ಹಿಡಿತ ಸಿಗುತ್ತೆ ಎಂದು ಏನೋ ಹೇಳಿದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಅದೇ ದಿನ ಸಂಜೆ ಸಿಕ್ಕಿತು. ಸಿಕ್ಕಿದ್ದು ಕೋಟೆಯಲ್ಲಲ್ಲ, ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ.

ಅಂಗಡಿಯ ಹೆಸರು ಬೇಡ. ದಿನಸಿ, ಪಾತ್ರೆ, ಬಟ್ಟೆ, ಬಿಸ್ಕತ್ತು ಎಲ್ಲ ಒಂದೇ ಸೂರಿನಡಿ ಸಿಗುವ, ನಾವೇ ಬುಟ್ಟಿ ಹಿಡಿದು ಆರಿಸಿಕೊಳ್ಳುವ ಅಂಗಡಿ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಐಸ್‌ಕ್ರೀಂ ಪೆಟ್ಟಿಗೆಯ ಅಡಿಯಿಂದ ನೀರು ಸೋರಿ ಎರಡು ಹೆಜ್ಜೆಯಷ್ಟು ಅಗಲಕ್ಕೆ ಹರಡಿತ್ತು. ನೆಲದ ಹೊಳಪಿನಲ್ಲಿ ನೀರಿನ ಹೊಳಪು ಬೇರೆಯಾಗಿ ಕಾಣುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಎದೆಯವರೆಗೂ ಸೋಪಿನ ಡಬ್ಬಗಳನ್ನು ಜೋಡಿಸಿಕೊಂಡು ಬರುತ್ತಿದ್ದಳು. ಪಾಪ, ಕಾಲಿನ ಮುಂದೆ ಏನಿದೆ ಎಂದು ಅವಳಿಗೆ ಕಾಣುವಂತೆಯೇ ಇರಲಿಲ್ಲ. ಎಡಗಾಲು ಮುಂದಕ್ಕೆ ಸರಕ್ಕೆಂದಿತು, ಡಬ್ಬಗಳು ಚೆಲ್ಲಾಪಿಲ್ಲಿಯಾದವು, ಅವಳು ಬಲಗೈ ಊರಿ ಹಿಂದಕ್ಕೆ ಬಿದ್ದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಎದ್ದು ನಿಂತು ನಗುತ್ತಿದ್ದಳು.

"ಏನಾಯ್ತಮ್ಮ, ಪೆಟ್ಟಾಯ್ತಾ?"

"ಏನಿಲ್ಲ ಸಾರ್, ಸ್ವಲ್ಪ ಉಳುಕಿದೆ ಅಷ್ಟೆ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆ ಮೀಸೆಯವರಿಗೆ ಮಾತ್ರವಲ್ಲ. ಬಿದ್ದವರೆಲ್ಲ ಮೊದಲು ಮಾಡುವ ಕೆಲಸ ಯಾರು ನೋಡಿದರು ಎಂದು ಸುತ್ತ ಕಣ್ಣಾಡಿಸುವುದು. ನೋವು ನೋಡಿಕೊಳ್ಳುವುದು ಆಮೇಲೆ. ಅದರಲ್ಲೂ ಕೆಲಸದ ಜಾಗದಲ್ಲಿ ಬಿದ್ದರೆ ನಾಚಿಕೆಯ ಜೊತೆಗೆ ಭಯವೂ ಸೇರುತ್ತದೆ. ಡಬ್ಬ ಒಡೆದಿದ್ದರೆ ಸಂಬಳದಲ್ಲಿ ಹಿಡಿಯುತ್ತಾರೋ ಏನೋ! ಆ ಹುಡುಗಿ ನೋಯುವ ಕೈಯಲ್ಲೇ ಡಬ್ಬ ಎಣಿಸಿ ಜೋಡಿಸಿದ್ದನ್ನು ನನ್ನ ಮೊಮ್ಮಗಳು ಕಣ್ಣು ಬಿಟ್ಟುಕೊಂಡು ನೋಡಿದಳು.

ನಾಲ್ಕು ದಿನದ ಮೇಲೆ ಅದೇ ಅಂಗಡಿಗೆ ಹೋದಾಗ ಅವಳು ಇರಲಿಲ್ಲ. ಹೊಳಲ್ಕೆರೆ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವವಳಂತೆ. ಮೊದಲು ಎಣ್ಣೆ ತಿಕ್ಕಿಸಿದರಂತೆ, ಆಮೇಲೆ ಯಾರೋ ನಾಟಿ ಕಟ್ಟು ಕಟ್ಟಿದರಂತೆ, ಊತ ಇಳಿಯದೆ ಎಕ್ಸ್‌ರೇ ತೆಗೆಸಿದಾಗ ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿದೆ ಎಂದು ಗೊತ್ತಾಯಿತಂತೆ. ಆರು ವಾರ ಬ್ಯಾಂಡೇಜು. ಮಾಲೀಕರು 2,000 ರೂಪಾಯಿ ಕೊಟ್ಟು, "ವಾಸಿ ಆದ್ಮೇಲೆ ಬಾಮ್ಮ, ನೋಡೋಣ" ಎಂದಿದ್ದರು. ಈ "ನೋಡೋಣ" ಎಂಬ ಮಾತನ್ನು ಬ್ಯಾಂಕಿನ ಕೌಂಟರಿನ ಈ ಕಡೆ ಕೂತು ನಾನೂ ಸಾವಿರ ಸಲ ಹೇಳಿದ್ದೇನೆ. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು.

ಬಿದ್ದಾಗ ಕೈ ಊರುವುದು ಮನುಷ್ಯನ ಸ್ವಭಾವ. ಇಡೀ ಮೈಯ ಭಾರ ಅಂಗೈಗೆ, ಅಲ್ಲಿಂದ ಮುಂಗೈ ಮೂಳೆಗೆ ಬೀಳುತ್ತದೆ. ಹಾಗೆ ಮಣಿಕಟ್ಟಿನ ಸ್ವಲ್ಪ ಮೇಲೆ ಮುರಿಯುವ ಮೂಳೆಯ ಬಗ್ಗೆ ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕಾಲೆಸ್ 1814ರಲ್ಲೇ ಬರೆದಿದ್ದರು. ಎಕ್ಸ್‌ರೇ ಎಂಬುದು ಇನ್ನೂ ಹುಟ್ಟಿರದ ಕಾಲ ಅದು. ಇವತ್ತಿಗೂ ವೈದ್ಯರು ಈ ಮುರಿತವನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ನನ್ನ ವಯಸ್ಸಿನವರು ಬಿದ್ದರೆ ಮುರಿಯುವುದು ಹೆಚ್ಚಾಗಿ ಸೊಂಟದ ಕೀಲಿನ ಬಳಿಯ ತೊಡೆಮೂಳೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದೇ ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆಯದ್ದು ಮೊದಲನೆಯದಾದರೆ ಬೀಳುವುದು ಎರಡನೆಯದು. ರಸ್ತೆ ಅಪಘಾತಕ್ಕೆ ಪೊಲೀಸರು ಬರುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ. ಅಂಗಡಿಯಲ್ಲಿ ಜಾರಿ ಬಿದ್ದದ್ದು ಎಲ್ಲೂ ಬರುವುದಿಲ್ಲ.

ಮಕ್ಕಳೇ, ಈಗ ಕೋಟೆಯ ಪ್ರಶ್ನೆಗೆ ಬರೋಣ. ನಮ್ಮ ದುರ್ಗದ ಬೆಟ್ಟ ಗ್ರಾನೈಟ್ ಜಾತಿಯ ಬಂಡೆ. ಕೈಯಾಡಿಸಿದರೆ ಉಪ್ಪಿನ ಹರಳು ಅಂಟಿಸಿದಂತೆ ಒರಟು. ಆ ಒರಟಿನ ಸಣ್ಣ ಸಣ್ಣ ಹಲ್ಲುಗಳು ನಿಮ್ಮ ಚಪ್ಪಲಿಯ ಅಟ್ಟೆಯನ್ನು ಕಚ್ಚಿ ಹಿಡಿಯುತ್ತವೆ. ಘರ್ಷಣೆ ಎಂದು ಪಾಠದಲ್ಲಿ ಓದಿದ್ದೀರಲ್ಲ, ಅದು ಇದೇ. ಅದೇ ಗ್ರಾನೈಟನ್ನು ಕೊಯ್ದು ಉಜ್ಜಿ ಉಜ್ಜಿ ಹೊಳಪು ಕೊಟ್ಟರೆ ಹಲ್ಲೆಲ್ಲ ಉದುರಿದ ನನ್ನ ಬಾಯಿಯಂತೆ ಆಗುತ್ತದೆ, ಏನನ್ನೂ ಕಚ್ಚಲಾರದು. ಹೊಳಪಿನ ವಿಟ್ರಿಫೈಡ್ ಟೈಲ್ಸ್ ಕಥೆಯೂ ಅದೇ. ಅದು ತನ್ನ ತೂಕದ ನೂರರಲ್ಲಿ ಅರ್ಧ ಪಾಲಿನಷ್ಟು ನೀರನ್ನೂ ಹೀರುವುದಿಲ್ಲ. ಸಗಣಿ ಸಾರಿಸಿದ ನೆಲವೋ ಒರಟು ಕಲ್ಲುಚಪ್ಪಡಿಯೋ ಆದರೆ ಒಂದಿಷ್ಟು ನೀರು ಕುಡಿಯುತ್ತದೆ, ಇಲ್ಲವೇ ತಗ್ಗಿನಲ್ಲಿ ಇಟ್ಟುಕೊಳ್ಳುತ್ತದೆ. ಹೊಳೆಯುವ ಟೈಲ್ಸ್ ಮೇಲೆ ನೀರು ತೆಳ್ಳನೆಯ ಪದರವಾಗಿ ನಿಲ್ಲುತ್ತದೆ. ಹಿಮ್ಮಡಿ ಊರಿದಾಗ ಚಪ್ಪಲಿ ನೆಲಕ್ಕೆ ತಾಗುವುದೇ ಇಲ್ಲ, ಆ ಪದರದ ಮೇಲೆ ತೇಲುತ್ತದೆ. ಚಪ್ಪಲಿಯ ಅಡಿಯಲ್ಲಿ ಗೀರುಗಳಿರುವುದು ಅಂದಕ್ಕಲ್ಲ, ಆ ನೀರು ಓಡಿಹೋಗಲು ದಾರಿ. ಅಟ್ಟೆ ಸವೆದು ನುಣ್ಣಗಾದರೆ ಆ ದಾರಿ ಮುಚ್ಚಿತು ಎಂದೇ ಅರ್ಥ.

ಮೊಮ್ಮಗಳು ಇದನ್ನು ನಂಬಲಿಲ್ಲ, ಮಾಡಿ ತೋರಿಸು ಎಂದಳು. ಮನೆ ಕಟ್ಟಿಸಿದಾಗ ಉಳಿದಿದ್ದ ಒಂದು ಟೈಲ್ಸ್ ತಂದು ಅದರ ಮೇಲೆ ನನ್ನ ಹಳೆಯ ಹವಾಯಿ ಚಪ್ಪಲಿ ಇಟ್ಟೆವು. ಟೈಲ್ಸಿನ ಒಂದು ಅಂಚನ್ನು ಮೆಲ್ಲಗೆ ಎತ್ತುತ್ತ ಚಪ್ಪಲಿ ಎಷ್ಟು ಎತ್ತರಕ್ಕೆ ಜಾರುತ್ತದೆ ಎಂದು ಸ್ಕೇಲಿನಲ್ಲಿ ಅಳೆದೆವು. ಆಮೇಲೆ ನೀರು ಹಾಕಿ, ಆಮೇಲೆ ಸೋಪಿನ ನೀರು ಹಾಕಿ, ಕೊನೆಗೆ ನಾಲ್ಕು ಹನಿ ಕಡಲೆಕಾಯಿ ಎಣ್ಣೆ ಹಾಕಿ. ಒಣ ಟೈಲ್ಸನ್ನು ಸಾಕಷ್ಟು ಎತ್ತಬೇಕಾಯಿತು. ಎಣ್ಣೆಯ ಸರದಿಯಲ್ಲಿ ಅಂಚು ಎತ್ತಿದ್ದೇ ತಡ ಚಪ್ಪಲಿ ಹೊರಟಿತು. ನೀವೂ ಮಾಡಿ ನೋಡಿ, ಆದರೆ ಹಿತ್ತಲಲ್ಲಿ ಮಾಡಿ. ನಾವು ಪಡಸಾಲೆಯಲ್ಲಿ ಮಾಡಿ ಆಮೇಲೆ ನಮ್ಮ ಮನೆಯವರಿಂದ ಬೈಸಿಕೊಂಡೆವು. ಅವರು ಬೈದದ್ದು ನ್ಯಾಯವೇ. ಎಣ್ಣೆ ಒರೆಸಿದ ನೆಲದಲ್ಲಿ ಸಂಜೆ ಅವರೇ ಒಮ್ಮೆ ತಡವರಿಸಿದರು.

ನಮ್ಮ ಭಾಷೆಯಲ್ಲಿ ಜಾರುವುದು ಬೇರೆ, ಎಡವುವುದು ಬೇರೆ. ಜಾರಿದರೆ ಕಾಲು ಮುಂದೆ ಓಡಿ ಮೈ ಹಿಂದಕ್ಕೆ ಬೀಳುತ್ತದೆ. ಎಡವಿದರೆ ಕಾಲು ಹಿಂದೆಯೇ ನಿಂತು ಮೈ ಮುಂದಕ್ಕೆ ಹೋಗುತ್ತದೆ. ಮೂರನೆಯದು ಮೇಲಿನಿಂದ ಬೀಳುವುದು. ಮೂವತ್ತಾರು ವರ್ಷ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗ ಎಂದು ಶಾಖೆಯಿಂದ ಶಾಖೆಗೆ ವರ್ಗವಾಗುತ್ತ ಕೆಲಸ ಮಾಡಿದ ನಾನು ಮೂರನ್ನೂ ಕಂಡಿದ್ದೇನೆ.

ಹೊಸದುರ್ಗ ತೆಂಗಿನ ಸೀಮೆ. ಅಲ್ಲಿ ಮನೆಯಲ್ಲೂ ಅಂಗಡಿಯಲ್ಲೂ ಅಟ್ಟ ಇರಲೇಬೇಕು. ನಮ್ಮ ಶಾಖೆಗೆ ದಿನಾ ಸಂಜೆ ಹಣ ಕಟ್ಟಲು ಬರುತ್ತಿದ್ದ ದಿನಸಿ ಅಂಗಡಿಯ ಆಳೊಬ್ಬ ಅಟ್ಟದಿಂದ ಕೊಬ್ಬರಿ ಚೀಲ ಇಳಿಸುವಾಗ ಬಿದ್ದ. ಏಣಿ ಇರಲಿಲ್ಲ, ಎಣ್ಣೆ ಡಬ್ಬದ ಮೇಲೆ ಸ್ಟೂಲು ಇಟ್ಟು ಹತ್ತಿದ್ದ. ಆಮೇಲೆ ಹಣ ಕಟ್ಟಲು ಬಂದವನು ಬೇರೆ ಹುಡುಗ. ಹಳಬ ಎಲ್ಲಿ ಎಂದು ಕೇಳಿದೆ. "ಊರಿಗೆ ಹೋದ ಸಾರ್" ಅಂದ. ಅಷ್ಟೇ. ಅದಕ್ಕಿಂತ ಹೆಚ್ಚಿಗೆ ನಾನೂ ಕೇಳಲಿಲ್ಲ, ಸಾಲಿನಲ್ಲಿ ಹತ್ತು ಜನ ನಿಂತಿದ್ದರು. ಈಗ ಅದನ್ನು ನೆನೆದರೆ ಹಿತವೆನಿಸುವುದಿಲ್ಲ. ಗೋಡೆಗೆ ಒರಗಿಸುವ ಏಣಿಗೊಂದು ಲೆಕ್ಕವಿದೆ: ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಅದರ ಬುಡ ಗೋಡೆಯಿಂದ ದೂರವಿರಬೇಕು. ಹನ್ನೆರಡು ಅಡಿ ಎತ್ತರಕ್ಕೆ ಮೂರು ಅಡಿ. ಇದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ.

ಹಿರಿಯೂರಿನಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಕಡಲೆಕಾಯಿ ಎಣ್ಣೆಯನ್ನು ಬಿಡಿಯಾಗಿ ಅಳೆದು ಮಾರುತ್ತಿದ್ದ ವೃದ್ಧ ವ್ಯಾಪಾರಿಯೊಬ್ಬರು ಅಂಗಡಿಯ ಮೂಲೆಯಲ್ಲಿ ಒಂದು ಮಂಕರಿ ತುಂಬ ಒಲೆಯ ಬೂದಿ ಇಟ್ಟಿರುತ್ತಿದ್ದರು. ಒಂದು ಹನಿ ಎಣ್ಣೆ ನೆಲಕ್ಕೆ ಬಿದ್ದರೂ ಗಿರಾಕಿಯನ್ನು ನಿಲ್ಲಿಸಿ ಮೊದಲು ಬೂದಿ ಎರಚುವರು, ಅದು ಎಣ್ಣೆ ಹೀರಿದ ಮೇಲೆ ಗುಡಿಸಿಸುವರು, ಆಮೇಲೆ ವ್ಯಾಪಾರ. "ಎಣ್ಣೆ ಹೋದ್ರೆ ನಾಕಾಣೆ, ಕಾಲು ಹೋದ್ರೆ?" ಎನ್ನುವರು. ಅವರು ಯಾವ ಸುರಕ್ಷತೆಯ ಪುಸ್ತಕವನ್ನೂ ಓದಿದವರಲ್ಲ. ಈಗಿನ ಅಂಗಡಿಗಳಲ್ಲಿ ಬೂದಿಯೂ ಇಲ್ಲ, ಮರದ ಹೊಟ್ಟೂ ಇಲ್ಲ. ಒಂದು ಒದ್ದೆ ಮಾಪು ತಂದು ಎಣ್ಣೆಯನ್ನು ಇನ್ನಷ್ಟು ಅಗಲಕ್ಕೆ ಸವರುತ್ತಾರೆ.

ಎಡವಿದ ಕಥೆ ನನ್ನದೇ, ಹೊಳಲ್ಕೆರೆಯಲ್ಲಿ. ಬಯಲು ಗಣಪತಿಗೆ ಕೈಮುಗಿದು ಬಂದು ಶಾಖೆಯ ಒಳಗೆ ಕಾಲಿಟ್ಟವನು ಮಡಚಿಕೊಂಡಿದ್ದ ನಾರಿನ ಮ್ಯಾಟಿನ ಅಂಚಿಗೆ ಸಿಕ್ಕಿ ಮುಗ್ಗರಿಸಿ ಗಿರಾಕಿಯೊಬ್ಬರ ಕಾಲಿಗೆ ಉದ್ದಂಡ ನಮಸ್ಕಾರ ಮಾಡಿದೆ. ಅವರು ಸಾಲ ಮಂಜೂರಾಗದೆ ಸಿಟ್ಟಿನಿಂದ ಕೂತಿದ್ದವರು. ಆ ದಿನ ಅವರ ಸಿಟ್ಟು ಇಳಿಯಿತು. ಮೊಣಕಾಲು ಕೆತ್ತಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ, ಆದದ್ದರೆ ಬ್ಯಾಂಕು ರಜೆ ಕೊಡುತ್ತಿತ್ತು, ಔಷಧಿ ಬಿಲ್ಲು ತುಂಬುತ್ತಿತ್ತು. ಅದೇ ಶಾಖೆಯ ಎದುರಿನ ಅಂಗಡಿಯ ಆಳಿಗೆ ಆ ಭಾಗ್ಯ ಇರಲಿಲ್ಲ.

ಇರಲಿಲ್ಲ ಎಂದೆನೆ? ಅಲ್ಲೇ ನಾನು ತಪ್ಪಿದ್ದು. ಹುಡುಗಿಯ ವಿಷಯ ಕೇಳಿದ ಮೇಲೆ ಅವಳ ಜೊತೆ ಕೆಲಸ ಮಾಡುವವಳಿಂದ ಫೋನ್ ಮಾಡಿಸಿ ಒಂದು ಪ್ರಶ್ನೆ ಕೇಳಿದೆ: ಸಂಬಳದ ಚೀಟಿ ಕೊಡುತ್ತಾರಾ? ಕೊಡುತ್ತಾರೆ ಎಂದಳು, ಮೊಬೈಲಿನಲ್ಲಿ ಕಳಿಸಿದಳು. ಸಂಬಳ 14,000. ಕಳೆಯುವ ಕಲಮಿನಲ್ಲಿ ಇಎಸ್‌ಐ, 105 ರೂಪಾಯಿ. ನನ್ನ ಗುಮಾಸ್ತನ ಕಣ್ಣು ಅಲ್ಲಿಗೇ ನೆಟ್ಟಿತು. ಇದೇನೆಂದು ಅವಳಿಗೆ ಗೊತ್ತಿರಲಿಲ್ಲ. "ಏನೋ ಟ್ಯಾಕ್ಸ್ ಅಂತೆ ಸಾರ್."

ಟ್ಯಾಕ್ಸ್ ಅಲ್ಲ. 1948ರ ಕಾಯ್ದೆಯಿಂದ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅವರಿಂದ ಉದ್ಘಾಟನೆಯಾದ ಕಾರ್ಮಿಕರ ರಾಜ್ಯ ವಿಮೆ ಅದು. ಕಾರ್ಖಾನೆಯವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗೂ ಅದು ಅನ್ವಯಿಸುತ್ತದೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಅದರೊಳಗೆ ಬರುತ್ತಾರೆ. ಕೆಲಸಗಾರರ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರ ಪಾಲು ನೂರಕ್ಕೆ ಮೂರೂಕಾಲು. ಈ ಹುಡುಗಿಯ ಲೆಕ್ಕದಲ್ಲಿ ಅವಳದು 105, ಮಾಲೀಕರದು 455, ಒಟ್ಟು 560 ರೂಪಾಯಿ ತಿಂಗಳು ತಿಂಗಳು ಕಟ್ಟಬೇಕಾದದ್ದು.

ಕೆಲಸದಲ್ಲಿರುವಾಗ ಪೆಟ್ಟಾಗಿ, ಪೆಟ್ಟಾದ ದಿನ ಬಿಟ್ಟು ಕನಿಷ್ಠ ಮೂರು ದಿನ ದುಡಿಯಲಾಗದಿದ್ದರೆ, ವಾಸಿಯಾಗುವವರೆಗೆ ಸರಾಸರಿ ದಿನಗೂಲಿಯ ನೂರಕ್ಕೆ 90ರಂತೆ ಹಣ ಬರುತ್ತದೆ, ಚಿಕಿತ್ಸೆ ಬೇರೆ. ಕಾಯಿಲೆಗಾದರೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಎಂಬ ಷರತ್ತುಂಟು, ಕೆಲಸದ ಪೆಟ್ಟಿಗೆ ಅದಿಲ್ಲ. ಸೇರಿದ ಮೊದಲ ದಿನವೇ ಬಿದ್ದರೂ ಹಕ್ಕು ಹಕ್ಕೇ. ಕಾಗದ ಪೆನ್ಸಿಲು ತೆಗೆದುಕೊಂಡೆ. 14,000ಕ್ಕೆ ದಿನಕ್ಕೆ ಸುಮಾರು 466 ರೂಪಾಯಿ, ಅದರ ನೂರಕ್ಕೆ 90 ಎಂದರೆ ಸುಮಾರು 420. ಆರು ವಾರಕ್ಕೆ, ಅಂದರೆ 42 ದಿನಕ್ಕೆ, ಹದಿನೇಳು ಸಾವಿರದ ಮೇಲೆ. ಅವಳ ಕೈಗೆ ಬಂದಿದ್ದು 2,000, ಅದೂ ದಾನದ ಹೆಸರಿನಲ್ಲಿ.

ಅಂಗಡಿಗೆ ಹೋಗಿ ಮಾಲೀಕರನ್ನು ಕಂಡೆ. ಜಗಳಕ್ಕೆ ಹೋಗಲಿಲ್ಲ, ನನ್ನ ಪ್ರಾಯಕ್ಕೆ ಜಗಳ ಹೊಂದುವುದೂ ಇಲ್ಲ. ಕೆಟ್ಟ ಮನುಷ್ಯರಲ್ಲ ಅವರು. ವಂತಿಗೆ ತಪ್ಪದೆ ಕಟ್ಟುತ್ತಿದ್ದರು, ಕಟ್ಟುವುದನ್ನು ಲೆಕ್ಕಪತ್ರದವರಿಗೆ ಬಿಟ್ಟಿದ್ದರು. ಯಾತಕ್ಕೆ ಕಟ್ಟುತ್ತೇನೆ ಎಂದು ಯೋಚಿಸಿರಲಿಲ್ಲ. "ಬಿದ್ದಿದ್ದು ಅವಳ ಅಜಾಗರೂಕತೆ ಅಲ್ವಾ ಸಾರ್, ನೋಡ್ಕೊಂಡು ನಡೀಬೇಕಲ್ವಾ?" ಎಂದರು. ಎದೆಯವರೆಗೆ ಡಬ್ಬ ಹೊತ್ತವಳು ಹೇಗೆ ನೋಡಿಕೊಂಡು ನಡೆಯಬೇಕು ಎಂದು ನಾನು ಕೇಳಿದೆ. ಐಸ್‌ಕ್ರೀಂ ಪೆಟ್ಟಿಗೆ ಎಷ್ಟು ದಿನದಿಂದ ಸೋರುತ್ತಿದೆ ಎಂದೂ ಕೇಳಿದೆ. ಅವರು ಪಕ್ಕದಲ್ಲಿದ್ದ ಹುಡುಗನ ಮುಖ ನೋಡಿದರು. ಹುಡುಗ, "ಯುಗಾದಿಯಿಂದ" ಎಂದ.

ಪೆಟ್ಟಾದದ್ದನ್ನು ಬಾಯಿಮಾತಿನಲ್ಲಿ ತಿಳಿಸಿದರೂ ಸಾಕು, ಅವಳ ಪರವಾಗಿ ಬೇರೆಯವರು ತಿಳಿಸಿದರೂ ಸಾಕು. ಮಾಲೀಕರು ಅದನ್ನು ಅಪಘಾತದ ಪುಸ್ತಕದಲ್ಲಿ ಬರೆದು ಇಎಸ್‌ಐಗೆ ವರದಿ ಕಳಿಸಬೇಕು. ಆ ಪುಸ್ತಕ ಅಂಗಡಿಯಲ್ಲಿ ಇರಲಿಲ್ಲ. ಒಂದು ಉದ್ದ ನೋಟ್‌ಬುಕ್ ತರಿಸಿ ಗೆರೆ ಹಾಕಿಕೊಟ್ಟೆ. ಗೆರೆ ಹಾಕುವುದರಲ್ಲಿ ನಮ್ಮ ಕಾಲದ ಗುಮಾಸ್ತರನ್ನು ಮೀರಿಸುವವರಿಲ್ಲ ಬಿಡಿ. ಈ ಹಣ ಪಡೆಯುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ ಎಂಬುದನ್ನೂ ಹೇಳಿದೆ. ಆಮೇಲೆ ಫಾರಂ, ವೈದ್ಯರ ಸರ್ಟಿಫಿಕೇಟು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸು, ಓಡಾಟ. ಅದನ್ನೆಲ್ಲ ಬರೆದರೆ ನಿಮಗೆ ಆಕಳಿಕೆ ಬರುತ್ತದೆ. ಎರಡು ತಿಂಗಳು ಹಿಡಿಯಿತು, ಆದರೆ ಹಣ ಅವಳ ಖಾತೆಗೇ ಬಂತು.

ಹತ್ತು ಜನರಿಲ್ಲದ ಅಂಗಡಿಗಳ ಮಾತೇನು? ನಮ್ಮ ನಾಲ್ಕೂ ಊರುಗಳಲ್ಲಿ ಹೆಚ್ಚಿನವು ಅಂಥವೇ: ಮಾಲೀಕ, ಅವರ ಮಗ, ಇಬ್ಬರು ಹುಡುಗರು. ಅವರಿಗೆ ನಾನು ಹೇಳುವುದು ಬ್ಯಾಂಕಿನ ವಿಮೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಈಗ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ, ಒಂದು ಕಣ್ಣೋ ಕೈಯೋ ಕಾಲೋ ಶಾಶ್ವತವಾಗಿ ಹೋದರೆ 1 ಲಕ್ಷ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ: ಮುರಿದು ಮತ್ತೆ ಕೂಡಿಕೊಳ್ಳುವ ಮೂಳೆಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಫಾರಂ ತುಂಬಿಸುವಾಗ ಇದನ್ನು ಯಾರೂ ಹೇಳುವುದಿಲ್ಲ. ಜಾರಿ ಬಿದ್ದವರಿಗೆ ಆಗುವುದು ಹೆಚ್ಚಾಗಿ ಅದೇ ಪೆಟ್ಟು. ಹಾಗಾಗಿ ಸಣ್ಣ ಅಂಗಡಿಯಲ್ಲಿ ಬೀಳದಿರುವುದೇ ವಿಮೆ. ಬಾಗಿಲಲ್ಲಿ ಮಳೆಗಾಲಕ್ಕೊಂದು ಗೋಣಿತಾಟು ಹಾಕಿ, ಅದರ ಅಂಚು ಮೇಲೇಳದಂತೆ ನೋಡಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ನೆಲದ ಮೇಲೆ ಹಾವಿನಂತೆ ಬಿದ್ದ ಫ್ಯಾನಿನ ವೈರನ್ನು ಗೋಡೆಗೆ ಹೊಡೆಯಲು ನಾಲ್ಕು ಮೊಳೆ ಸಾಕು.

ಇನ್ನೊಂದು ವಿಷಯ ನನಗೆ ಬಹಳ ದಿನದಿಂದ ಕೊರೆಯುತ್ತಿದೆ. ಬಟ್ಟೆ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರುತ್ತಾರೆ. ದಣಿದ ಕಾಲು ಮೇಲೇಳುವುದಿಲ್ಲ, ಎಳೆದುಕೊಂಡು ನಡೆಯುತ್ತದೆ, ಬೇಗ ಎಡವುತ್ತದೆ. ಗಿರಾಕಿ ಇಲ್ಲದಾಗ ಕೂರಲು ಆಸನ ಕೊಡಲೇಬೇಕು ಎಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ಕೇರಳದಲ್ಲಿ ಅದಕ್ಕಾಗಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳೇ ವರ್ಷಗಟ್ಟಲೆ ಹೋರಾಡಿದ್ದರು. ಸೀರೆ ತೋರಿಸುವ ಹುಡುಗಿ ಎರಡು ನಿಮಿಷ ಕೂತರೆ ನಮ್ಮ ಮರ್ಯಾದೆಗೆ ಕುಂದು ಎಂದುಕೊಳ್ಳುವ ಗಿರಾಕಿಗಳನ್ನೂ ನಾನು ಕಂಡಿದ್ದೇನೆ. ಕುರ್ಚಿಯಲ್ಲಿ ಕೂತೇ ಮೂವತ್ತಾರು ವರ್ಷ ದುಡಿದವನು ನಾನು, ಅವರ ವಾದ ನನಗೆ ಅರ್ಥವಾಗುವುದಿಲ್ಲ.

ಆ ಅಂಗಡಿಗೆ ನಾನು ಈಗಲೂ ಹೋಗುತ್ತೇನೆ. ಐಸ್‌ಕ್ರೀಂ ಪೆಟ್ಟಿಗೆ ರಿಪೇರಿಯಾಯಿತು. ಡಬ್ಬ ಸಾಗಿಸಲು ಎರಡು ತಳ್ಳುಗಾಡಿ ಬಂದಿವೆ. ನೆಲ ಒರೆಸಿದಾಗ ಇಡಲು ಒಂದು ಹಳದಿ ಹಲಗೆ ತರಿಸಿದ್ದಾರೆ. ಅದರ ಮೇಲಿರುವುದು ಇಂಗ್ಲಿಷು! ನೆಲ ಒರೆಸುವ ಹೆಂಗಸಿಗೂ ಓದಲು ಬಾರದು, ಕೈಚೀಲ ಹಿಡಿದು ಬರುವ ಹಳ್ಳಿಯ ಅಜ್ಜಿಗೂ ಬಾರದು. ಜಾರಿ ಬೀಳುವ ಮನುಷ್ಯನ ಚಿತ್ರವಿರುವುದೇ ಪುಣ್ಯ. ಮೊಮ್ಮಗಳು ಮುಂದಿನ ರಜೆಗೆ ಬಂದಾಗ "ನೆಲ ಒದ್ದೆಯಿದೆ, ನಿಧಾನ" ಎಂದು ದಪ್ಪ ಅಕ್ಷರದಲ್ಲಿ ಬರೆದು ಅದರ ಮೇಲೆ ಅಂಟಿಸಿದಳು. ಮಾಲೀಕರು ಅವಳಿಗೊಂದು ಚಾಕಲೇಟು ಕೊಟ್ಟರು.

ಆ ಹುಡುಗಿ ಈಗ ಬಿಲ್ಲು ಹಾಕುವ ಕಡೆ ಕೆಲಸ ಮಾಡುತ್ತಾಳೆ. ಮೂಳೆ ಕೂಡಿದೆ, ಆದರೆ ತಡವಾಗಿ ವೈದ್ಯರ ಹತ್ತಿರ ಹೋದದ್ದಕ್ಕೋ ಏನೋ, ಮಣಿಕಟ್ಟು ಮೊದಲಿನಂತೆ ತಿರುಗುವುದಿಲ್ಲ. ಹೋದ ವಾರ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಮಳೆ ಜಿನುಗುತ್ತಿತ್ತು.

"ಈಗ ಹೇಗಿದೆಯಮ್ಮ ಕೈ?"

"ಬರೆಯೋಕೆ ತೊಂದರೆ ಇಲ್ಲ ಸಾರ್. ಒದ್ದೆ ಬಟ್ಟೆ ಮಾತ್ರ ಹಿಂಡೋಕಾಗಲ್ಲ, ಅಮ್ಮನೇ ಹಿಂಡ್ತಾರೆ."

ಹೊಳಲ್ಕೆರೆ ಬಸ್ಸು ಬಂತು. ಮೆಟ್ಟಿಲು ಒದ್ದೆಯಾಗಿತ್ತು. ಅವಳು ಚೀಲವನ್ನು ಬಲ ಹೆಗಲಿಗೆ ಏರಿಸಿ, ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದಳು.